ದಾಳಿಂಬೆ ಸಿಪ್ಪೆಯಿಂದ ಔಷಧಿಯವರೆಗೆ ಎಷ್ಟು ದೂರ?

ಕೆಲವು ತಿಂಗಳಿಂದ ನಮ್ಮ ಸುರಪುರ, ರಂಗಂಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ. ದಾಳಿಂಬೆ ಸಿಪ್ಪೆಯಲ್ಲಿ ಕ್ಯಾನ್ಸರ್ ತಡೆಯುವ ವಸ್ತು ಇದೆಯಂತೆ, ಅದನ್ನು ಕಂಡುಹಿಡಿದವರು ನಮ್ಮ ಬೆಂಗಳೂರಿನ ವಿಜ್ಞಾನಿಗಳೇ ಅಂತೆ, ಸಿಪ್ಪೆ ಒಣಗಿಸಿ ಕಷಾಯ ಮಾಡಿ ಕುಡಿದರೆ ಸಾಕಂತೆ. ಕೊನೆಗೆ ಯಥಾಪ್ರಕಾರ 'ಹತ್ತು ಜನರಿಗೆ ಕಳಿಸಿ'. ಇಂಥವನ್ನು ನಾನು ಸಾಮಾನ್ಯವಾಗಿ ಓದದೇ ಅಳಿಸಿಬಿಡುತ್ತೇನೆ. ಈ ಸಲ ಮಾತ್ರ, ಮನೆಯವರೇ ಕೇಳಿದ್ದರಿಂದ, ಕೂತು ಹುಡುಕಿದೆ. ಹುಡುಕಿದರೆ ಆಶ್ಚರ್ಯ! ಇದರ ಮೊದಲರ್ಧಕ್ಕೆ ನಿಜವಾಗಿಯೂ ಒಂದು ಆಧಾರ ಇದೆ. ಬೆಂಗಳೂರಿನ ಜಕ್ಕೂರಿನ ಒಂದು ಪ್ರಯೋಗಾಲಯ 2010ರಲ್ಲಿ ಪ್ರಕಟಿಸಿದ ಪ್ರಬಂಧ ಅದು.

ಪೂರ್ತಿ ಸುಳ್ಳನ್ನು ಸುಳ್ಳು ಅಂತ ಹೇಳಿ ಮುಗಿಸಬಹುದು. ಅರ್ಧ ನಿಜದ ಜೊತೆ ಏಗುವುದು ಕಷ್ಟ. ಅದಕ್ಕೆ ಪೂರ್ತಿ ಕಥೆಯನ್ನೇ ಹೇಳಬೇಕಾಗುತ್ತದೆ. ಹಾಗಾಗಿ ಈ ಸಲದ ಬರಹ ಸ್ವಲ್ಪ ಉದ್ದ. ನಾನು ಓದಿದ್ದು ಇಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್ ಕೆಲಸ, ಜೀವಶಾಸ್ತ್ರದ ಸಹವಾಸ ಪಿಯುಸಿಗೇ ಮುಗಿದಿತ್ತು. ಆದ್ದರಿಂದ ನನಗೆ ಅರ್ಥವಾದ ದಾರಿಯಲ್ಲೇ ನಿಮಗೂ ಹೇಳುತ್ತೇನೆ.

ಮೊದಲು ಒಂದು ಅಳತೆ. ನಮ್ಮ ಒಂದೊಂದು ಜೀವಕೋಶದೊಳಗಿನ ಡಿಎನ್ಎ ಎಳೆಗಳನ್ನು ಬಿಚ್ಚಿ ಸಾಲಾಗಿ ಹಿಡಿದರೆ ಸುಮಾರು 2 ಮೀಟರ್ ಉದ್ದ. ಅಷ್ಟುದ್ದದ ದಾರ ಕಣ್ಣಿಗೆ ಕಾಣದ ಜೀವಕೋಶದ ಒಳಗಿನ ಇನ್ನೂ ಚಿಕ್ಕ ಗೂಡಿನಲ್ಲಿ ಇರಬೇಕು. ಅದಕ್ಕೇ ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಸುತ್ತ ಸುತ್ತಿಕೊಂಡಿರುತ್ತದೆ, ಥೇಟ್ ಕಂಡಿಕೆಗೆ ನೂಲು ಸುತ್ತಿದ ಹಾಗೆ. ಬಿಗಿಯಾಗಿ ಸುತ್ತಿದ ಕಡೆ ಡಿಎನ್ಎಯನ್ನು ಓದಲಾಗುವುದಿಲ್ಲ, ಅಲ್ಲಿನ ಜೀನ್‌ಗಳು ಸುಮ್ಮನಿರುತ್ತವೆ. ಸಡಿಲವಾದ ಕಡೆ ಓದಬಹುದು, ಅಲ್ಲಿ ಕೆಲಸ ನಡೆಯುತ್ತದೆ. ಕಣ್ಣಿನ ಕೋಶಕ್ಕೂ ಪಿತ್ತಕೋಶಕ್ಕೂ ಡಿಎನ್ಎ ಒಂದೇ ಆದರೂ ಎರಡೂ ಬೇರೆ ಬೇರೆ ಆಗಿರುವುದು ಹೀಗೆ.

ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ತೀರ್ಮಾನಿಸುವ ಗುರುತುಗಳು ಹಿಸ್ಟೋನ್‌ನ ಬಾಲದ ಮೇಲೆ ಇರುತ್ತವೆ. ಅಂಥ ಗುರುತುಗಳಲ್ಲಿ ಒಂದು ಮಿಥೈಲ್ ಗುಂಪು. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ನಮ್ಮ ಕೋಡಿನಲ್ಲಿ ಒಂದು ಸಾಲನ್ನು ಅಳಿಸದೆ ಮುಂದೆ ಎರಡು ಗೆರೆ ಎಳೆದು ಕಮೆಂಟ್ ಮಾಡುತ್ತೇವಲ್ಲ, ಸುಮಾರಾಗಿ ಹಾಗೆ. ಸಾಲು ಅಲ್ಲೇ ಇದೆ, ಆದರೆ ಓಡುವುದಿಲ್ಲ. ವ್ಯತ್ಯಾಸ ಏನೆಂದರೆ ಇಲ್ಲಿ ಅದೇ ಗುರುತು ಒಂದು ಜಾಗದಲ್ಲಿ ಇದ್ದರೆ 'ನಿಲ್ಲಿಸು', ಇನ್ನೊಂದು ಜಾಗದಲ್ಲಿ ಇದ್ದರೆ 'ಓಡಿಸು'. ಈ ಮಾತು ನೆನಪಿರಲಿ, ಮುಂದೆ ಇಡೀ ಕಥೆ ಇದರ ಮೇಲೇ ನಿಂತಿದೆ.

ಈ ಗುರುತು ಹಾಕುವ ಕೆಲಸಗಾರರೇ ಮಿಥೈಲ್ ಕಿಣ್ವಗಳು, ಅಂದರೆ ಎಂಜೈಮ್‌ಗಳು. ಇವು ಪ್ರೋಟೀನಿನಲ್ಲಿ ಮುಖ್ಯವಾಗಿ ಎರಡು ಅಮೈನೋ ಆಮ್ಲಗಳ ಮೇಲೆ ಕೆಲಸ ಮಾಡುತ್ತವೆ, ಲೈಸೀನ್ ಮತ್ತು ಅರ್ಜಿನೀನ್. ಅರ್ಜಿನೀನ್ ಮೇಲೆ ಮಿಥೈಲ್ ಹಾಕುವ ಬಳಗದಲ್ಲಿ ಮನುಷ್ಯರಿಗೆ 9 ಕಿಣ್ವಗಳಿವೆ. ಲೈಸೀನ್ ಬಳಗ ಇನ್ನೂ ದೊಡ್ಡದು. ಎಲ್ಲರೂ ಮಿಥೈಲ್ ಗುಂಪನ್ನು ತಂದುಕೊಳ್ಳುವುದು ಒಂದೇ ಅಂಗಡಿಯಿಂದ. ಅದರ ಹೆಸರು ಎಸ್-ಅಡೆನೋಸಿಲ್ ಮಿಥಿಯೋನಿನ್, ಚಿಕ್ಕದಾಗಿ ಸ್ಯಾಮ್.

ಈಗ ಚರಿತ್ರೆಗೆ ಬರೋಣ. ಹಿಸ್ಟೋನ್‌ಗಳನ್ನು ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಗುರುತಿಸಿದ್ದು 1884ರಲ್ಲಿ, ಬಾತುಕೋಳಿಯ ಜಾತಿಯ ಗೂಸ್ ಹಕ್ಕಿಯ ರಕ್ತಕಣಗಳಲ್ಲಿ. 1952ರಲ್ಲಿ ಜೂಲಿಯೋ ಕ್ಯಾಂಟೋನಿ ಸ್ಯಾಮ್ ಅನ್ನು ಕಂಡುಹಿಡಿದರು. 1959ರಲ್ಲಿ ಆಂಬ್ಲರ್ ಮತ್ತು ರೀಸ್ ಎಂಬಿಬ್ಬರು ಬ್ಯಾಕ್ಟೀರಿಯಾದ ಬಾಲದ ಪ್ರೋಟೀನಿನಲ್ಲಿ ಮಿಥೈಲ್ ಅಂಟಿಕೊಂಡ ಲೈಸೀನ್ ಕಂಡರು. 1964ರಲ್ಲಿ ಕೆನೆತ್ ಮರ್ರೆ ಅದನ್ನು ಹಿಸ್ಟೋನ್‌ನಲ್ಲಿ ತೋರಿಸಿದರು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಆಲ್‌ಫ್ರೇ, ಫಾಕ್ನರ್, ಮಿರ್ಸ್ಕಿ ಎಂಬ ಮೂವರು, ಇಂಥ ರಾಸಾಯನಿಕ ಗುರುತುಗಳು ಜೀನ್‌ಗಳ ಕೆಲಸವನ್ನು ನಿಯಂತ್ರಿಸುತ್ತಿರಬಹುದು ಎಂದು ಬರೆದರು.

1964ರಲ್ಲೇ ಇಷ್ಟು ಗೊತ್ತಿತ್ತು ಅಂದಮೇಲೆ ಮುಂದಿನ ಹತ್ತು ವರ್ಷದಲ್ಲಿ ಔಷಧಿ ಬಂದಿರಬೇಕಲ್ಲವೇ? ಇಲ್ಲ! ಕೊರಿಯಾ ಮೂಲದ ವೂನ್ ಕಿ ಪೈಕ್ ಮತ್ತು ಸಾಂಗ್‌ಡುಕ್ ಕಿಮ್ ಅಮೆರಿಕಾದಲ್ಲಿ ಕೂತು ವರ್ಷಾನುಗಟ್ಟಲೆ ಈ ಕಿಣ್ವಗಳನ್ನು ಒಂದೊಂದಾಗಿ ಬೇರ್ಪಡಿಸಿದರು. ಆದರೆ ಈ ವಿಷಯ ಮೂಲೆಯಲ್ಲೇ ಉಳಿಯಿತು. ಹಿಸ್ಟೋನ್ ಅಂದರೆ ಬರೀ ಡಿಎನ್ಎ ಸುತ್ತಿಡುವ ಸಾಮಾನು ಎಂಬ ಭಾವನೆ ಬಲವಾಗಿತ್ತು. ಮಿಥೈಲ್ ಒಮ್ಮೆ ಅಂಟಿದರೆ ಮತ್ತೆ ಹೋಗುವುದಿಲ್ಲ ಎಂದು ಬಹಳ ಜನ ನಂಬಿದ್ದರು. ಅಳಿಸಲಾಗದ ಗುರುತಿನಿಂದ ನಿಯಂತ್ರಣ ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜವೇ.

ಬಾಗಿಲು ತೆರೆದದ್ದು ಶತಮಾನ ತಿರುಗುವ ಹೊತ್ತಿಗೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಸ್ಟಾಲ್‌ಕಪ್ ಅವರ ತಂಡ ಕಾರ್ಮ್1 ಎಂಬ ಅರ್ಜಿನೀನ್ ಕಿಣ್ವವನ್ನು ವರದಿ ಮಾಡಿತು. ಅದು ಹಿಸ್ಟೋನ್‌ಗೆ ಮಿಥೈಲ್ ಹಾಕಿದರೆ ಜೀನ್ ಚುರುಕಾಗುತ್ತಿತ್ತು. 2000ದಲ್ಲಿ ಥಾಮಸ್ ಯೆನುವೈನ್ ಅವರ ತಂಡ ಹಿಸ್ಟೋನ್ ಲೈಸೀನ್‌ಗೆ ಮಿಥೈಲ್ ಹಾಕುವ ಕಿಣ್ವವನ್ನು ಮೊದಲ ಬಾರಿಗೆ ತೋರಿಸಿತು. ಅಲ್ಲಿ ಜೀನ್ ಸುಮ್ಮನಾಗುತ್ತಿತ್ತು. 2004ರಲ್ಲಿ ಹಾರ್ವರ್ಡ್‌ನ ಯಾಂಗ್ ಶಿ ತಂಡ ಎಲ್‌ಎಸ್‌ಡಿ1 ಎಂಬ ಕಿಣ್ವ ಮಿಥೈಲನ್ನು ಕಿತ್ತುಹಾಕುತ್ತದೆ ಎಂದು ಸಾಧಿಸಿತು. ಪೆನ್ಸಿಲ್ ಜೊತೆಗೆ ರಬ್ಬರೂ ಸಿಕ್ಕಿತು ಅನ್ನಿ.

ಈ ನಡುವೆ 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇನ್ನೊಂದು ಪ್ರಬಂಧ ಬಂತು. ದೇಹದಲ್ಲಿ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇಝಡ್‌ಎಚ್2 ಎಂಬ ಲೈಸೀನ್ ಕಿಣ್ವ ವಿಪರೀತ ಹೆಚ್ಚಾಗಿರುತ್ತದೆ ಎಂದು ಮಿಶಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ತಂಡ ತೋರಿಸಿತ್ತು. ಪ್ರಬಂಧದ ಮೊದಲ ಹೆಸರು ಸೂರ್ಯನಾರಾಯಣ ವಾರಂಬಳ್ಳಿ. (ಬ್ರಹ್ಮಾವರದ ಪಕ್ಕದ ವಾರಂಬಳ್ಳಿ ಗೊತ್ತಿರುವ ಕರಾವಳಿ ಗೆಳೆಯರು ಈ ಹೆಸರು ಕಂಡ ಕೂಡಲೇ ಕಣ್ಣರಳಿಸುತ್ತಾರೆ!) ಅಲ್ಲಿಂದ ಮುಂದೆ ಮಿಥೈಲ್ ಕಿಣ್ವಗಳು ಔಷಧಿ ಕಂಪನಿಗಳ ಕಣ್ಣಿಗೆ ಬಿದ್ದವು.

ಕಿಣ್ವವನ್ನು ತಡೆಯಬೇಕು, ಸರಿ. ಹೇಗೆ? ಎಲ್ಲಕ್ಕಿಂತ ಸುಲಭದ ದಾರಿ ಆ ಅಂಗಡಿಯನ್ನೇ ಅಣಕಿಸುವುದು. ಸ್ಯಾಮ್‌ನಂತೆಯೇ ಕಾಣುವ, ಆದರೆ ಮಿಥೈಲ್ ಕೊಡದ ಅಣುವನ್ನು ಹಾಕಿದರೆ ಕಿಣ್ವ ಮೋಸ ಹೋಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಯಿಂದ 1973ರಲ್ಲೇ ಸಿಕ್ಕಿದ್ದ ಸಿನೆಫಂಜಿನ್ ಅಂಥದ್ದು. ತೊಂದರೆ ಏನೆಂದರೆ ಅಂಗಡಿ ಎಲ್ಲರಿಗೂ ಒಂದೇ. ಒಂದು ಕಿಣ್ವ ನಿಲ್ಲಿಸಲು ಹೋದರೆ ಬಳಗವೆಲ್ಲಾ ನಿಲ್ಲುತ್ತದೆ. ಒಂದು ಪ್ರೋಗ್ರಾಂ ಕೈಕೊಟ್ಟಿತು ಅಂತ ಇಡೀ ಆಫೀಸಿನ ಕರೆಂಟ್ ತೆಗೆದ ಹಾಗೆ. ಸಿನೆಫಂಜಿನ್ ಪ್ರಯೋಗಾಲಯದ ಉಪಕರಣವಾಗಿ ಉಳಿಯಿತು, ಔಷಧಿ ಆಗಲಿಲ್ಲ. ಒಂದೊಂದೇ ಕಿಣ್ವವನ್ನು ಆರಿಸಿ ತಡೆಯುವ ಅಣುಗಳ ಹುಡುಕಾಟ 2004, 2005ರ ಹೊತ್ತಿಗೆ ಜೋರಾಯಿತು. ಜಕ್ಕೂರಿನ ಪ್ರಯೋಗಾಲಯ ಕಥೆಯೊಳಗೆ ಬರುವುದು ಇಲ್ಲೇ.

ಜಕ್ಕೂರಿನಲ್ಲಿ ಇರುವುದು ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, 1989ರಲ್ಲಿ ಸಿ.ಎನ್.ಆರ್. ರಾವ್ ಅವರ ನೇತೃತ್ವದಲ್ಲಿ ಶುರುವಾದದ್ದು. ಡಿಎನ್ಎ ಮತ್ತು ಹಿಸ್ಟೋನ್‌ಗಳ ಸಂಬಂಧದ ಅಧ್ಯಯನಕ್ಕೆ ನಮ್ಮ ದೇಶದಲ್ಲಿ ಗಟ್ಟಿ ಬುನಾದಿ ಹಾಕಿದವರಲ್ಲಿ ಮೈಸೂರಿನವರಾದ ಎಂ.ಆರ್.ಎಸ್. ರಾವ್ ಒಬ್ಬರು. ಅವರು 2003ರಿಂದ ಹತ್ತು ವರ್ಷ ಈ ಕೇಂದ್ರದ ಅಧ್ಯಕ್ಷರಾಗಿದ್ದರು, 2023ರಲ್ಲಿ ತೀರಿಕೊಂಡರು. ಟಾಟಾ ಇನ್ಸ್‌ಟಿಟ್ಯೂಟಿನಲ್ಲಿ ಅವರ ಬಳಿ ಪಿಎಚ್.ಡಿ. ಮಾಡಿದ ತಪಸ್ ಕುಂದು ಮುಂದೆ ಜಕ್ಕೂರಿನಲ್ಲೇ ಪ್ರಯೋಗಾಲಯ ಕಟ್ಟಿದರು.

ಕುಂದು ಅವರ ತಂಡ ಹುಡುಕಿದ್ದು ಎಲ್ಲಿ ಗೊತ್ತೇ? ನಮ್ಮ ಅಡಿಗೆಮನೆ ಮತ್ತು ತೋಟಗಳಲ್ಲಿ. 2003ರಲ್ಲಿ ಗೋಡಂಬಿ ಚಿಪ್ಪಿನ ಎಣ್ಣೆಯಲ್ಲಿರುವ ಅನಾಕಾರ್ಡಿಕ್ ಆಮ್ಲ. 2004ರಲ್ಲಿ ಮುರುಗಲು ಹಣ್ಣಿನ ಗಾರ್ಸಿನಾಲ್. ಕರಾವಳಿಯವರು ಪುನರ್ಪುಳಿ ಅನ್ನುತ್ತಾರಲ್ಲ, ಅದೇ. ಅದೇ ವರ್ಷ ಅರಿಶಿನದ ಕರ್ಕ್ಯುಮಿನ್. ಇವು ಮೂರೂ ಹಿಸ್ಟೋನ್‌ಗೆ ಅಸಿಟೈಲ್ ಎಂಬ ಇನ್ನೊಂದು ಬಗೆಯ ಗುರುತು ಹಾಕುವ ಪಿ300 ಕಿಣ್ವವನ್ನು ತಡೆಯುತ್ತವೆ ಎಂದು ತೋರಿಸಿದರು. ಆಮೇಲೆ ಮಿಥೈಲ್ ಸರದಿ. 2010ರಲ್ಲಿ ರುತ್ರೋತ ಸೆಲ್ವಿ ಮೊದಲ ಲೇಖಕಿಯಾಗಿದ್ದ ಪ್ರಬಂಧ 'ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿ'ಯಲ್ಲಿ ಬಂತು. ಸಸ್ಯಮೂಲದ ಎಲಾಜಿಕ್ ಆಮ್ಲ ಕಾರ್ಮ್1 ಕಿಣ್ವದ ಕೆಲಸವನ್ನು ತಡೆಯುತ್ತದೆ ಎಂಬುದು ಅದರ ವಿಷಯ. ಎಲಾಜಿಕ್ ಆಮ್ಲ ಧಾರಾಳವಾಗಿ ಸಿಗುವ ಜಾಗಗಳಲ್ಲಿ ದಾಳಿಂಬೆ ಸಿಪ್ಪೆ ಒಂದು. ವಾಟ್ಸಾಪ್ ಸಂದೇಶದ ಬೇರು ಸಿಕ್ಕಿತಲ್ಲ!

ಆ ಪ್ರಬಂಧ ನಿಜಕ್ಕೂ ಹೇಳುವುದೇನು ಎಂದು ನಿಧಾನವಾಗಿ ನೋಡೋಣ. ಅದರಲ್ಲಿ ಮೂರು ಮಾತುಗಳಿವೆ.

ಒಂದು, ಎಲಾಜಿಕ್ ಆಮ್ಲ ಹಿಸ್ಟೋನ್ ಎಚ್3ರ ಬಾಲದಲ್ಲಿ 17ನೇ ಸ್ಥಾನದ ಅರ್ಜಿನೀನ್‌ಗೆ ಮಿಥೈಲ್ ಬೀಳದಂತೆ ಮಾಡುತ್ತದೆ. ಅಷ್ಟು ಕರಾರುವಾಕ್ಕಾದ ಜಾಗ. ಎರಡು, ಅದು ಕೂರುವುದು ಹೆಚ್ಚಾಗಿ ಹಿಸ್ಟೋನ್‌ನ ಮೇಲೇ ಹೊರತು ಕಿಣ್ವದ ಮೇಲಲ್ಲ. ಆ ಅರ್ಜಿನೀನ್ ಪಕ್ಕದ, 16ನೇ ಸ್ಥಾನದ ಪ್ರೋಲೀನ್ ಅದಕ್ಕೆ ಹಿಡಿಕೆ. ಬಡಗಿಯ ಕೈ ಕಟ್ಟದೆ, ಅವನು ಮೊಳೆ ಹೊಡೆಯಬೇಕಾದ ಜಾಗದ ಮೇಲೆ ಒಂದು ಬಿಲ್ಲೆ ಇಟ್ಟ ಹಾಗೆ. ಇದು ಹೊಸ ಬಗೆಯ ತಡೆ, ವಿಜ್ಞಾನಿಗಳಿಗೆ ಈ ಪ್ರಬಂಧ ಮುಖ್ಯವಾದದ್ದು ಇದಕ್ಕೇ.

ಮೂರನೆಯದನ್ನು ದಯವಿಟ್ಟು ಎರಡು ಸಲ ಓದಿ. ಆ ಮಿಥೈಲ್ ಬೀಳದೆ ಹೋದಾಗ ಪಿ21 ಎಂಬ ಜೀನ್‌ನ ಕೆಲಸ ಕುಗ್ಗಿತು. ಪಿ21 ಏನು ಮಾಡುತ್ತದೆ? ಜೀವಕೋಶ ಲಂಗುಲಗಾಮಿಲ್ಲದೆ ಒಡೆದು ಬೆಳೆಯದಂತೆ ಬ್ರೇಕ್ ಹಾಕುತ್ತದೆ. ಕ್ಯಾನ್ಸರ್ ವಿರುದ್ಧ ನಮ್ಮ ದೇಹದಲ್ಲಿರುವ ಕಾವಲುಗಾರರಲ್ಲಿ ಅದೂ ಒಂದು. ಅಂದರೆ ಆ ಪ್ರಯೋಗದಲ್ಲಿ ಆ ಗುರುತನ್ನು ತಡೆದಾಗ ಕ್ಯಾನ್ಸರಿನ ಬ್ರೇಕ್ ಸಡಿಲವಾಯಿತು! ಈ 17ನೇ ಸ್ಥಾನದ ಮಿಥೈಲ್ ಗೆಡ್ಡೆ ಬೆಳೆಯದಂತೆ ತಡೆಯುವುದರಲ್ಲಿ ಪಾತ್ರ ವಹಿಸುತ್ತಿರಬಹುದು ಎಂದೇ ಪ್ರಬಂಧದ ಸಾರಾಂಶ ಹೇಳುತ್ತದೆ. 'ದಾಳಿಂಬೆ ಸಿಪ್ಪೆ ಕ್ಯಾನ್ಸರ್ ವಾಸಿ ಮಾಡುತ್ತದೆ' ಎಂದು ಅದು ಎಲ್ಲೂ ಹೇಳುವುದಿಲ್ಲ. ಹಾಗೆಂದು ಸಿಪ್ಪೆ ತಿಂದರೆ ಕ್ಯಾನ್ಸರ್ ಬರುತ್ತದೆ ಎಂದು ಹೊಸ ಸಂದೇಶ ಹೊರಡಿಸಬೇಡಿ ಮತ್ತೆ :) ಅದನ್ನೂ ಅದು ಹೇಳುವುದಿಲ್ಲ.

ಮನೆಯವರು ಕೇಳಿದ್ದರಿಂದ ಹುಡುಕಿದೆ ಅಂದೆನಲ್ಲ, ಕೇಳಿದವರು ರಂಗಂಪೇಟೆಯ ನಮ್ಮ ಕಾಕಾ. ವರ್ಷಗಟ್ಟಲೆ ಗುಟ್ಕಾ ಜಗಿದವರು. ದವಡೆಯ ಒಳಗೆ ಒಂದು ಹುಣ್ಣು, ಮಾಯುತ್ತಿಲ್ಲ. ಎರಡು ತಿಂಗಳಿಂದ ಸಿಪ್ಪೆಯ ಕಷಾಯ ಕುಡಿಯುತ್ತಿದ್ದರು. ಫೋನಿನಲ್ಲಿ ನನ್ನನ್ನೇ ಸವಾಲು ಹಾಕಿದರು: "ತಮ್ಮಾ, ನಿಮ್ಮ ಬೆಂಗಳೂರಾಗೇ ಕಂಡು ಹಿಡದಾರಂತ. ಮತ್ತ ಡಾಕ್ಟರ್ ಯಾಕ ಬರದು ಕೊಡಂಗಿಲ್ಲ? ಮನ್ಯಾಗ ಸಿಗೂದಕ್ಕ ರೊಕ್ಕ ಬರಂಗಿಲ್ಲಂತ ಹೌದಿಲ್ಲೋ?"

ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ನಾನು ಕೊಟ್ಟ ಉತ್ತರ ಇದು: "ಕಾಕಾ, ಆ ಸಿಪ್ಪಿ ಬಾಯಾಗ ಇಟ್ಕೊಂಡ್ರ ಏನಾಗ್ತದ?" "ಒಗರ ಆಗ್ತದ, ನಾಲಿಗಿ ಹಿಡ್ಕೊಂಡಂಗ ಆಗ್ತದ." ಸರಿಯಾಗಿ ಹೇಳಿದರು. ಆ ಒಗರು ಏನು ಅಂದರೆ, ಸಿಪ್ಪೆಯೊಳಗಿನ ಟ್ಯಾನಿನ್‌ಗಳು ನಮ್ಮ ಎಂಜಲಿನ ಪ್ರೋಟೀನ್‌ಗಳಿಗೆ ಅಂಟಿಕೊಂಡು ಅವನ್ನು ಗಟ್ಟಿಮಾಡುವುದು. ಹಿಂದಿನ ಕಾಲದಲ್ಲಿ ಚರ್ಮ ಹದ ಮಾಡಲು ಅಳಲೆಕಾಯಿ, ತಂಗಡಿ ತೊಗಟೆ ಬಳಸುತ್ತಿದ್ದದ್ದೂ ಇದೇ ಗುಣಕ್ಕೆ. ಚರ್ಮವೂ ಪ್ರೋಟೀನೇ ತಾನೆ. ದಾಳಿಂಬೆಯ ಈ ಟ್ಯಾನಿನ್‌ಗಳು ಒಡೆದಾಗ ಬರುವುದೇ ಎಲಾಜಿಕ್ ಆಮ್ಲ.

ಇಂಥ ಗಿಡಮೂಲದ ಫೀನಾಲ್ ವಸ್ತುಗಳ ಬಗ್ಗೆ ಔಷಧಿ ಹುಡುಕುವವರಿಗೆ ಒಂದು ಸ್ಥಾಯೀ ಅನುಮಾನ ಇರುತ್ತದೆ. ಪ್ರನಾಳದಲ್ಲಿ ಯಾವ ಕಿಣ್ವದ ಜೊತೆ ಹಾಕಿದರೂ ಏನಾದರೊಂದನ್ನು ತಡೆದು ತೋರಿಸುತ್ತವೆ. ಸಿಕ್ಕಿದ್ದು ನಿಜವಾದ ಬೀಗದ ಕೈಯೋ ಅಥವಾ ಬರೀ ಅಂಟೋ ಎಂದು ಬೇರ್ಪಡಿಸುವುದಕ್ಕೇ ವರ್ಷಗಳು ಬೇಕು. ಜಕ್ಕೂರಿನವರು 16ನೇ ಸ್ಥಾನದ ಪ್ರೋಲೀನ್ ತನಕ ಹೋಗಿ ಪರೀಕ್ಷಿಸಿದ್ದು ಈ ಅನುಮಾನವನ್ನು ಎದುರಿಸುವುದಕ್ಕೆ ಬೇಕಾದಂಥ ಕೆಲಸವೇ. ಇನ್ನು ಕುಡಿದ ಕಷಾಯದ ಪಾಡು ಬೇರೆ. ಎಲಾಜಿಕ್ ಆಮ್ಲ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕರುಳಿನಿಂದ ರಕ್ತಕ್ಕೆ ಹೋಗುವುದು ತೀರಾ ಸ್ವಲ್ಪ. ಉಳಿದದ್ದರಲ್ಲಿ ಬಹುಪಾಲನ್ನು ಕರುಳಿನ ಬ್ಯಾಕ್ಟೀರಿಯಾಗಳು ಯೂರೋಲಿತಿನ್ ಎಂಬ ಬೇರೆಯೇ ವಸ್ತುಗಳಾಗಿ ಮಾರ್ಪಡಿಸುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶಗಳಿಗೆ ಹಾಕಿದ ಪ್ರಮಾಣ ದವಡೆಯ ಗೆಡ್ಡೆಗೆ ಕಷಾಯದಿಂದ ತಲುಪುವುದಿಲ್ಲ. ಹೊಟ್ಟೆ ಕೆಟ್ಟಾಗ ಅಜ್ಜಿ ಕೊಡುತ್ತಿದ್ದ ಸಿಪ್ಪೆ ಕಷಾಯದ ಬಗ್ಗೆ ನನ್ನದೇನೂ ತಕರಾರಿಲ್ಲ, ಅದರ ಕೆಲಸ ಕರುಳಿನಲ್ಲೇ.

ಕಾಕಾ ಪೂರ್ತಿ ಒಪ್ಪಿದರೋ ಇಲ್ಲವೋ, ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಕೇಂದ್ರಕ್ಕಂತೂ ಹೋದರು. ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದೇ ಬಂತು, ಆದರೆ ಕುತ್ತಿಗೆಯ ಗಂಟುಗಳಿಗೆ ಇಳಿದಿರಲಿಲ್ಲ. ಶಸ್ತ್ರಚಿಕಿತ್ಸೆ ಆಗಿದೆ, ಈಗ ಗಂಜಿ ಕುಡಿಯುತ್ತಿದ್ದಾರೆ. ಬಾಯಿಯ ಕ್ಯಾನ್ಸರಿನಲ್ಲಿ ತಿಂಗಳುಗಳ ಲೆಕ್ಕ ಎಷ್ಟು ಮುಖ್ಯ ಎಂದು ಓದಿದವರಿಗೆ ಹೇಳಬೇಕಾಗಿಲ್ಲ. ಇದೇ ಕುಂದು ತಂಡ ಬಾಯಿಯ ಕ್ಯಾನ್ಸರ್ ಮೇಲೂ ಕೆಲಸ ಮಾಡಿದೆ. 2010ರಲ್ಲೇ ಅವರು ಕರ್ಕ್ಯುಮಿನ್ ಅನ್ನು ರಾಸಾಯನಿಕವಾಗಿ ಬದಲಿಸಿ, ನೀರಿನಲ್ಲಿ ಕರಗುವ ಸಿಟಿಕೆ7ಎ ಎಂಬ ಅಣು ಮಾಡಿ, ಬಾಯಿ ಕ್ಯಾನ್ಸರಿನ ಗೆಡ್ಡೆ ಇದ್ದ ಇಲಿಗಳಲ್ಲಿ ಪರೀಕ್ಷಿಸಿದರು. ಗಮನಿಸಿ, ಅರಿಶಿನವನ್ನು ಹಾಗೇ ಕೊಡಲಿಲ್ಲ, ಬದಲಿಸಿ ಕೊಟ್ಟರು. ಅದೂ ಇಲಿಗೆ.

ಹಾಗಾದರೆ ಮಿಥೈಲ್ ಕಿಣ್ವ ತಡೆಯುವ ಔಷಧಿ ಯಾವುದಾದರೂ ಮನುಷ್ಯರವರೆಗೆ ಬಂತೇ? ಬಂತು. ಆ ದಾರಿ ನೋಡಿದರೆ ದೂರ ಎಷ್ಟೆಂದು ಗೊತ್ತಾಗುತ್ತದೆ. 2002ರಲ್ಲಿ ಕಂಡ ಇಝಡ್‌ಎಚ್2 ಬಗ್ಗೆ 2010ರಲ್ಲಿ ಕೆನಡಾದವರು ಒಂದು ಮುಖ್ಯ ಸುಳಿವು ಕೊಟ್ಟರು. ಲಿಂಫೋಮಾ ಎಂಬ ಕ್ಯಾನ್ಸರಿನ ಕೆಲವು ರೋಗಿಗಳಲ್ಲಿ ಆ ಕಿಣ್ವದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. 2012ರಲ್ಲಿ ಹಲವು ಕಂಪನಿಗಳು ಅದನ್ನು ಮಾತ್ರ ಆರಿಸಿ ತಡೆಯುವ ಅಣುಗಳನ್ನು ಪ್ರಕಟಿಸಿದವು. 2020ರ ಜನವರಿಯಲ್ಲಿ ಅಮೆರಿಕಾದ ಎಫ್‌ಡಿಎ ಟಾಝೆಮೆಟೋಸ್ಟಾಟ್ ಎಂಬ ಔಷಧಿಗೆ ಅನುಮತಿ ಕೊಟ್ಟಿತು. ಎಪಿತೀಲಿಯಾಯ್ಡ್ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರಿಗೆ. 1964ರಿಂದ ಎಣಿಸಿದರೆ 56 ವರ್ಷ, 2002ರಿಂದ ಎಣಿಸಿದರೂ 18 ವರ್ಷ!

ಅಷ್ಟು ವರ್ಷ ಕಾದು ಬಂದದ್ದು ರಾಮಬಾಣವೇ? 62 ರೋಗಿಗಳಲ್ಲಿ ಪರೀಕ್ಷಿಸಿದಾಗ ಗೆಡ್ಡೆ ಗಣನೀಯವಾಗಿ ಕುಗ್ಗಿದ್ದು ನೂರಕ್ಕೆ 15 ಮಂದಿಯಲ್ಲಿ. ಅದೇ ವರ್ಷ ಜೂನ್‌ನಲ್ಲಿ ಫಾಲಿಕ್ಯುಲರ್ ಲಿಂಫೋಮಾಕ್ಕೂ ಅನುಮತಿ ಸಿಕ್ಕಿತು. ಅಲ್ಲಿ ಆ ಕಿಣ್ವ ಬದಲಾಗಿದ್ದ ರೋಗಿಗಳಲ್ಲಿ ನೂರಕ್ಕೆ 69 ಮಂದಿಗೆ ಫಲ ಕಂಡರೆ, ಬದಲಾಗದವರಲ್ಲಿ 34 ಮಂದಿಗೆ. ಒಂದೇ ಮಾತ್ರೆ, ಒಂದೇ ಕಾಯಿಲೆ, ಆದರೂ ಯಾರ ಜೀವಕೋಶದಲ್ಲಿ ಏನು ಬದಲಾಗಿದೆ ಎಂಬುದರ ಮೇಲೆ ಫಲ ಎರಡು ಪಟ್ಟು ಆಯಿತು. ಜೊತೆಗೆ ಆ ಮಾತ್ರೆಯ ಮಾಹಿತಿ ಹಾಳೆಯಲ್ಲೇ ಒಂದು ಎಚ್ಚರಿಕೆಯೂ ಬಂತು, ಇದರಿಂದ ಬೇರೆ ರಕ್ತದ ಕ್ಯಾನ್ಸರ್ ಹುಟ್ಟುವ ಅಪಾಯ ಇದೆ ಎಂದು. ಏಕೆಂದರೆ ಕೆಲವು ರಕ್ತಕಣಗಳಲ್ಲಿ ಇದೇ ಇಝಡ್‌ಎಚ್2 ಕ್ಯಾನ್ಸರ್ ಬಾರದಂತೆ ಕಾಯುತ್ತಿರುತ್ತದೆ. ಒಂದು ಕಡೆ ಕಳ್ಳ, ಇನ್ನೊಂದು ಕಡೆ ಕಾವಲುಗಾರ. ಜಕ್ಕೂರಿನ ಪ್ರಬಂಧದ ಪಿ21 ಮಾತು ನೆನಪಾಯಿತೇ?

ಇನ್ನೊಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಪಿಆರ್‌ಎಂಟಿ5 ಎಂಬುದು ಕಾರ್ಮ್1ರ ಬಳಗದ್ದೇ ಕಿಣ್ವ. ಎಲ್ಲಾ ಜೀವಕೋಶಗಳಿಗೂ ಬೇಕಾದದ್ದು. ಆದ್ದರಿಂದ ಅದನ್ನು ತಡೆಯುವ ಮೊದಲ ತಲೆಮಾರಿನ ಔಷಧಿಗಳು ರೋಗಿಯ ರಕ್ತಕಣಗಳನ್ನೂ ಕಡಿಮೆ ಮಾಡಿದವು. 2016ರಲ್ಲಿ ಒಂದು ಹೊಸ ದಾರಿ ಕಂಡಿತು. ಮನುಷ್ಯರ ಕ್ಯಾನ್ಸರುಗಳಲ್ಲಿ ನೂರಕ್ಕೆ 10ರಿಂದ 15ರಷ್ಟರಲ್ಲಿ ಎಂಟಿಎಪಿ ಎಂಬ ಜೀನ್ ಕಳೆದುಹೋಗಿರುತ್ತದೆ. ಹಾಗಾದಾಗ ಆ ಕೋಶಗಳಲ್ಲಿ ಎಂಟಿಎ ಎಂಬ ಕಸ ಶೇಖರವಾಗಿ ಪಿಆರ್‌ಎಂಟಿ5ರ ಬಾಯಿಗೆ ಅರ್ಧ ಅಡ್ಡ ಕೂತಿರುತ್ತದೆ. ಮೊದಲೇ ಕುಂಟುತ್ತಿರುವ ಎತ್ತು. ಹೊಸ ಅಣುಗಳು ಆ ಕಸ ಕೂತಿರುವ ಕಿಣ್ವವನ್ನೇ ಹುಡುಕಿ ಹಿಡಿಯುತ್ತವೆ. ಆರೋಗ್ಯವಂತ ಕೋಶದಲ್ಲಿ ಕಸ ಇಲ್ಲ, ಹಾಗಾಗಿ ಪೆಟ್ಟು ಕಡಿಮೆ. ಇಂಥವು ಮನುಷ್ಯರಲ್ಲಿ ಪರೀಕ್ಷೆಗೆ ಹೋಗಿವೆ. ಬೆಂಗಳೂರಿನಲ್ಲಿ ಪ್ರಯೋಗಾಲಯ ಇರುವ ಜುಬಿಲಂಟ್ ಬಳಗ ಕೂಡ ಪಿಆರ್‌ಎಂಟಿ5 ತಡೆಯುವ, ಮಿದುಳಿಗೂ ಇಳಿಯಬಲ್ಲ ಜೆಬಿಐ-778 ಎಂಬ ತನ್ನದೇ ಅಣುವನ್ನು ಮುಂದಕ್ಕೆ ತಂದಿದೆ. ಹೊರದೇಶದ ಕಂಪನಿಗಳ ಕೆಲಸವನ್ನಷ್ಟೇ ನಮ್ಮೂರು ಮಾಡಿಕೊಡುತ್ತದೆ ಎಂದು ನಮ್ಮ ಸಾಫ್ಟ್‌ವೇರಿನ ಹಾಗೇ ಇದರಲ್ಲೂ ಅಂದುಕೊಳ್ಳುತ್ತೇವೆ. ಪೂರ್ತಿ ಹಾಗಿಲ್ಲ ನೋಡಿ.

ಇಷ್ಟೆಲ್ಲಾ ಓದಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಒಂದು ಕಿಣ್ವವನ್ನು ತಡೆಯುವ ವಸ್ತು ಸಿಗುವುದು ಈ ಕಥೆಯ ಮೊದಲ ಪುಟ ಮಾತ್ರ. ಸಿಪ್ಪೆಯಲ್ಲೂ ಸಿಗುತ್ತದೆ, ಚಿಪ್ಪಿನಲ್ಲೂ ಸಿಗುತ್ತದೆ, ಮಣ್ಣಿನಲ್ಲೂ ಸಿಗುತ್ತದೆ. ಯಾವ ಕಿಣ್ವ, ಯಾವ ಅಂಗ, ಯಾವ ರೋಗಿ, ಎಷ್ಟು, ಎಷ್ಟು ದಿನ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲೇ ಉಳಿದ ಐವತ್ತು ವರ್ಷಗಳು ಹೋಗುತ್ತವೆ. ಆ ಉತ್ತರಗಳಿಗೇ ಔಷಧಿ ಎಂದು ಹೆಸರು. ವಾಟ್ಸಾಪ್ ಸಂದೇಶ ಮೊದಲ ಪುಟವನ್ನು ಹರಿದುಕೊಂಡು ಇದೇ ಪುಸ್ತಕ ಎಂದು ಹಂಚುತ್ತಿದೆ. ಜಕ್ಕೂರಿನವರು ತಮ್ಮ ಪುಟದಲ್ಲಿ ಅನುಕೂಲಕರವಲ್ಲದ ಪಿ21ರ ಮಾತನ್ನೂ ಬಚ್ಚಿಡದೆ ಬರೆದಿದ್ದರು. ಹಂಚುವವರು ಅದನ್ನೇ ಬಿಟ್ಟರು.

ಕೊನೆಗೆ ಬ್ಲಾಗಿಗ ಗೆಳೆಯರಲ್ಲಿ ಎರಡು ಕೋರಿಕೆ. ಮೊದಲನೆಯದು, ನಿಮ್ಮ ಊರಿನ ಗುಂಪುಗಳಲ್ಲೂ ಇಂಥ ಅರ್ಧ ನಿಜಗಳು ಓಡಾಡುತ್ತಿರುತ್ತವೆ. ಒಂದನ್ನಾದರೂ ಆರಿಸಿ, ಮೂಲ ಪ್ರಬಂಧ ಹುಡುಕಿ, ಅದರಲ್ಲಿ ಏನಿದೆ ಏನಿಲ್ಲ ಎಂದು ಕನ್ನಡದಲ್ಲಿ ಬರೆಯಿರಿ. ಊರಲ್ಲಿ ಹುಡುಕುವವರಿಗೆ ಕನ್ನಡದಲ್ಲಿ ಸಿಗುವುದು ಆ ಸಂದೇಶ ಮಾತ್ರ ಆಗಬಾರದು. ಎರಡನೆಯದು, ಕಿಣ್ವ ತಡೆಯುವ ಅಣುವಿಗೆ ಕನ್ನಡದಲ್ಲಿ ಒಂದು ಸರಳ ಪದ ಬೇಕಿತ್ತು. 'ಪ್ರತಿಬಂಧಕ' ಅಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ, ಅದಕ್ಕೇ ಉದ್ದಕ್ಕೂ 'ತಡೆಯುವ ಅಣು' ಎಂದು ಸುತ್ತಿ ಬರೆದಿದ್ದೇನೆ. ಒಳ್ಳೆಯ ಪದ ಹೊಳೆದರೆ ಕೆಳಗೆ ಬರೆಯಿರಿ, ಮುಂದಿನ ಬರಹದಲ್ಲಿ ಅದನ್ನೇ ಬಳಸುತ್ತೇನೆ.